ಇನ್ನೊಂದು ಸಲಾಯಿನ್ ಹಚ್ಚಬೇಕಾ, ಬೇಡವಾ?

ಕೇಳುಗರಿಗೆಲ್ಲ ನಮಸ್ಕಾರ.

ಹುಬ್ಬಳ್ಳಿ-ಧಾರವಾಡದ ಯಾವುದೇ ಐಸಿಯು ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಸಾಹೇಬ್ರ, ಮುಂಜಾನಿಂದ ಒಂದ ಬಾಟ್ಲಿ ಹಚ್ಚೀರಿ. ಇನ್ನೊಂದು ಸಲಾಯಿನ್ ಹಚ್ರೀ." ಗದಗದಿಂದ ಬಂದವರಿರಲಿ, ಹಾನಗಲ್ಲಿನವರಿರಲಿ, ಸಲಾಯಿನ್ ಅಂದ್ರೆ ಶಕ್ತಿ ಅನ್ನುವ ನಂಬಿಕೆ ಗಟ್ಟಿ. ನಾನು ಐಸಿಯುನಲ್ಲಿ ಕೆಲಸ ಮಾಡುವ ಡಾಕ್ಟರು. ಬೇಡ ಅಂದ ಕೂಡಲೇ ಮನೆಯವರ ಮುಖ ಸಣ್ಣದಾಗುತ್ತದೆ. ಅಸಲಿಗೆ ಅರ್ಧ ಲೀಟರ್ ಸಲಾಯಿನ್‌ನಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು, ಅಷ್ಟೇ. ಒಂದು ತುತ್ತು ರೊಟ್ಟಿಯ ಕಸುವೂ ಅದರಲ್ಲಿಲ್ಲ.

ಹಂಗಾದ್ರೆ ಯಾರಿಗೆ ಬೇಕು, ಯಾರಿಗೆ ಬೇಡ ಅಂತ ನಾವು ಹೇಗೆ ಹೇಳುತ್ತೇವೆ? ಬಹಳ ವರ್ಷ ಇದಕ್ಕೆ ಉತ್ತರ ಅಂತ ನಂಬಿದ್ದು ಸಿವಿಪಿ ಎಂಬ ಒಂದು ಸಂಖ್ಯೆಯನ್ನು. ಪೂರ್ತಿ ಹೆಸರು ಸೆಂಟ್ರಲ್ ವೀನಸ್ ಪ್ರೆಷರ್.

ಬಿಪಿ ನಿಮಗೆಲ್ಲ ಗೊತ್ತು. ತೋಳಿಗೆ ಪಟ್ಟಿ ಕಟ್ಟಿ ನೋಡುವ 120, 80. ಅದು ಹೃದಯದಿಂದ ಹೊರಗೆ ಹೋಗುವ ರಕ್ತದ ಒತ್ತಡ. ಮೈಯೆಲ್ಲ ಸುತ್ತಿ ವಾಪಸ್ ಬರುವ ರಕ್ತಕ್ಕೆ ಅಂಥ ಜೋರಿಲ್ಲ. ಹೃದಯದ ಬಲಗಡೆಯ ಮೇಲ್ಕೋಣೆಗೆ ಬಂದು ಸೇರುವ ಹೊತ್ತಿಗೆ ಅದರ ಒತ್ತಡ ಹೆಚ್ಚುಕಮ್ಮಿ 2ರಿಂದ 6 ಮಿಲಿಮೀಟರ್ ಪಾದರಸ. ಇದೇ ಸಿವಿಪಿ. ಸಂಖ್ಯೆ ಸಣ್ಣದು, ಆದರೆ ನಮ್ಮ ಮೈಯ ಒಟ್ಟು ರಕ್ತದಲ್ಲಿ ಮುಕ್ಕಾಲರ ಹತ್ತಿರದಷ್ಟು ಇರುವುದು ಈ ವಾಪಸ್ ಬರುವ ನಾಳಗಳಲ್ಲೇ.

ಅಳೆಯುವುದಕ್ಕೆ ಕುತ್ತಿಗೆಯ ಇಲ್ಲವೇ ಕಾಲರ್ ಎಲುಬಿನ ಕೆಳಗಿನ ನಾಳದಿಂದ ತೆಳ್ಳನೆಯ ನಳಿಗೆಯೊಂದನ್ನು ಹೃದಯದ ಹತ್ತಿರದವರೆಗೆ ಇಳಿಸುತ್ತೇವೆ. ನಾವು ಅದಕ್ಕೆ ಸೆಂಟ್ರಲ್ ಲೈನ್ ಅಂತೀವಿ. ಮನುಷ್ಯರ ಹೃದಯದ ತನಕ ನಳಿಗೆ ತೂರಿಸಬಹುದು ಅಂತ ಮೊದಲು ತೋರಿಸಿದ್ದು ವರ್ನರ್ ಫೋರ್ಸ್‌ಮನ್ ಎಂಬ ಜರ್ಮನಿಯ ಹುಡುಗ ಡಾಕ್ಟರು. 1929ರಲ್ಲಿ ತನ್ನ ತೋಳಿನ ನಾಳಕ್ಕೇ ನಳಿಗೆ ಹಾಕಿಕೊಂಡು, ನಡೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದ ಪುಣ್ಯಾತ್ಮ. ಆಗ ಬೈಸಿಕೊಂಡ, 1956ರಲ್ಲಿ ನೊಬೆಲ್ ಬಂತು.

ಈಗ ನಮ್ಮ ಸಿಸ್ಟರ್ ಒಬ್ಬರು ಇದನ್ನು ಅಳೆಯುವುದನ್ನು ನೋಡಿ. ರೋಗಿಯ ಬಲ ಕಂಕುಳ ಕೆಳಗೆ, ನಾಲ್ಕನೇ ಪಕ್ಕೆಲುಬಿನ ಸಂದಿಯ ನೇರಕ್ಕೆ, ಸ್ಕೆಚ್ ಪೆನ್ನಿನಿಂದ ಒಂದು ಗುಣಿಸುವ ಗುರುತು ಹಾಕುತ್ತಾರೆ. ಹೃದಯದ ಆ ಕೋಣೆ ಹೆಚ್ಚುಕಮ್ಮಿ ಅದೇ ಎತ್ತರದಲ್ಲಿರುತ್ತದೆ. ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಡಬ್ಬಿಯನ್ನು ಆ ಗುರುತಿನ ಮಟ್ಟಕ್ಕೆ ತಂದು, ಮೂರು ದಾರಿಯ ತಿರುಪನ್ನು ಹೊರಗಾಳಿಗೆ ತಿರುಗಿಸಿ, ಮಾನಿಟರ್ ಮೇಲೆ ಸೊನ್ನೆ ಬಂತಾ ಅಂತ ನೋಡಿ, ಆಮೇಲೆ ರೋಗಿ ಉಸಿರು ಪೂರ್ತಿ ಬಿಟ್ಟ ಗಳಿಗೆಯ ಅಂಕಿ ಬರೆದುಕೊಳ್ಳುತ್ತಾರೆ. ಇಷ್ಟೆಲ್ಲ ಯಾಕೆ ಅಂತೀರಾ? ನೋಡಲು ಬಂದ ನೆಂಟರು ಪ್ರೀತಿಯಿಂದ ಹಾಸಿಗೆಯನ್ನು ಸ್ವಲ್ಪ ಮೇಲೆ ಮಾಡುತ್ತಾರೆ ಅನ್ನಿ. ಡಬ್ಬಿ ಅಲ್ಲೇ ಕೆಳಗೆ ಉಳಿಯುತ್ತದೆ. ಹತ್ತು ಸೆಂಟಿಮೀಟರ್ ವ್ಯತ್ಯಾಸವಾದರೆ ಸಾಕು, 4 ಇರುವವರಿಗೆ ಮಾನಿಟರ್ 11 ತೋರಿಸುತ್ತದೆ. ರೋಗಿಗೆ ಏನೂ ಆಗಿರುವುದಿಲ್ಲ. ದಯವಿಟ್ಟು ಮಂಚದ ಹ್ಯಾಂಡಲ್ ಮುಟ್ಟಬೇಡಿ.

ಅಳತೆ ಸರಿಯಾಗಿದ್ದರೂ ಗೊಂದಲ ಮುಗಿಯುವುದಿಲ್ಲ. ಸಿವಿಪಿ ಕಮ್ಮಿ ಇದ್ದರೆ ಮೈಯಲ್ಲಿ ನೀರು ಕಮ್ಮಿ, ಆದ್ದರಿಂದ ಸಲಾಯಿನ್ ಕೊಡು, ಅಂಕಿ ಏರುವ ತನಕ ಕೊಡ್ತಾ ಇರು. ನಾವು ಕಲಿತ ಲೆಕ್ಕ ಇದು. 2001ರಲ್ಲಿ ಅಮೆರಿಕದಿಂದ ಬಹಳ ಹೆಸರು ಮಾಡಿದ ಒಂದು ಅಧ್ಯಯನ ಬಂತು. ರಕ್ತಕ್ಕೆ ಸೋಂಕು ಹರಡಿ ಬಿಪಿ ಬಿದ್ದವರಿಗೆ ಸಿವಿಪಿ 8ರಿಂದ 12 ಆಗುವವರೆಗೆ ದ್ರವ ಕೊಡುವುದು ಅದರ ಚಿಕಿತ್ಸಾ ಕ್ರಮದ ಒಂದು ಭಾಗ. ಜಗತ್ತಿನ ಐಸಿಯುಗಳೆಲ್ಲ ಅದೇ ದಾರಿ ಹಿಡಿದವು. ಅಂದ್ರೆ ಬಾಗಿಲ ಹೊರಗಿನ ಮನೆಯವರೂ ಒಳಗಿನ ಡಾಕ್ಟರೂ ಒಂದೇ ರೀತಿ ಯೋಚಿಸುತ್ತಿದ್ದರು. ನಮ್ಮ ಕೈಯಲ್ಲಿ ಒಂದು ಅಂಕಿ ಇತ್ತು, ಅಷ್ಟೇ ಫರಕು.

ತಪ್ಪಿದ್ದೆಲ್ಲಿ? ಶಿವರಾತ್ರಿಯ ಹೊತ್ತಿಗೆ ಸಿದ್ಧಾರೂಢ ಮಠದ ಬಾಗಿಲಲ್ಲಿ ಆಗುವ ನೂಕುನುಗ್ಗಲು ನೆನಪಿಸಿಕೊಳ್ಳಿ. ಬಾಗಿಲ ಹತ್ತಿರ ಒತ್ತಡ ಜಾಸ್ತಿ ಆಯ್ತು ಅಂದ್ರೆ ಜನ ಜಾಸ್ತಿ ಬಂದಿರಬಹುದು. ಇಲ್ಲವೇ ಜನ ಎಂದಿನಷ್ಟೇ ಇದ್ದು, ಒಳಗೆ ಬಿಡುವುದು ನಿಧಾನ ಆಗಿರಬಹುದು. ಸಾಲು ಎಷ್ಟೇ ಉದ್ದ ಇರಲಿ, ಒಳಗೆ ಚಕಚಕ ಬಿಟ್ಟರೆ ಬಾಗಿಲಲ್ಲಿ ಒತ್ತಡವೇ ಇರುವುದಿಲ್ಲ. ಸಿವಿಪಿ ಕೂಡ ಹಾಗೇ. ಬರುವ ರಕ್ತ ಎಷ್ಟು, ಅದನ್ನು ಮುಂದೆ ದಬ್ಬುವ ಹೃದಯದ ತಾಕತ್ತು ಎಷ್ಟು, ಈ ಎರಡೂ ಸೇರಿ ಆಗುವ ಅಂಕಿ ಅದು. ಅದೊಂದನ್ನೇ ನೋಡಿ ಇವರಿಗೆ ಇನ್ನೊಂದು ಬಾಟ್ಲಿ ದಕ್ಕುತ್ತದಾ ಅಂತ ಹೇಳಲು ಬರುವುದಿಲ್ಲ. 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಮರ್ಶೆ ಇದನ್ನೇ ಖಡಾಖಂಡಿತವಾಗಿ ಹೇಳಿತು. ಮುಂದೆ 2014-15ರಲ್ಲಿ ಅಮೆರಿಕ, ಆಸ್ಟ್ರೇಲಿಯಾ ಕಡೆ, ಇಂಗ್ಲೆಂಡ್, ಮೂರೂ ಕಡೆ ದೊಡ್ಡ ಪ್ರಯೋಗಗಳಾದವು. ಹಳೆಯ ಕ್ರಮದಿಂದ ಹೆಚ್ಚಿನ ಜೀವ ಉಳಿಯಲಿಲ್ಲ. ಸಿವಿಪಿಯ ಆ ಗುರಿಯನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯಿಂದಲೇ ಆಮೇಲೆ ತೆಗೆದರು.

ಹಾಗಂತ ಸಿವಿಪಿಯನ್ನು ಮೂಲೆಗೆ ಎಸೆಯೋಣ ಅನ್ನುವವರ ಜೊತೆ ನಾನಿಲ್ಲ. ಅಂಕಿ ಜಾಸ್ತಿ ಇದ್ದಾಗ, ಅದರಲ್ಲೂ ಗಂಟೆಗಂಟೆಗೆ ಏರುತ್ತಾ ಹೋದಾಗ, ಅದು ಬಹಳ ಮಾತಾಡುತ್ತದೆ. ಹೃದಯದ ಸುತ್ತ ಚೀಲದಲ್ಲಿ ನೀರೋ ರಕ್ತವೋ ತುಂಬಿ ಹೃದಯವನ್ನು ಅಮುಕುತ್ತಿರಬಹುದು. ಪುಪ್ಪುಸದ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡಿರಬಹುದು. ಬಲಹೃದಯವೇ ಸೋತಿರಬಹುದು. ಅಪಘಾತವಾಗಿ ಬಂದವರ ಬಿಪಿ ಬಿದ್ದಿದೆ, ಸಿವಿಪಿ ಮಾತ್ರ ಮೇಲಿದೆ ಅಂದ್ರೆ, ಬರೀ ರಕ್ತ ಹೋಗಿದೆ ಅಂತ ಕೂರುವ ಹಾಗಿಲ್ಲ. ಕೂಡಲೇ ಎದೆ ನೋಡಬೇಕು.

ಇನ್ನು ಕಿಡ್ನಿ. ಕಿಡ್ನಿಗೆ ರಕ್ತ ಹೋದರೆ ಸಾಲದು, ಆ ಕಡೆಯಿಂದ ಹೊರಗೂ ಬರಬೇಕಲ್ವಾ? ಸರಾಸರಿ ಬಿಪಿ 65, ಸಿವಿಪಿ 5 ಇದ್ದರೆ ರಕ್ತ ದಾಟಿಸುವ ಜೋರು 60. ಸಲಾಯಿನ್ ಮೇಲೆ ಸಲಾಯಿನ್ ಹಚ್ಚಿ ಸಿವಿಪಿ 18 ಮಾಡಿಟ್ಟರೆ ಉಳಿಯುವುದು 47. ಮೂತ್ರ ಕಮ್ಮಿ ಆಯ್ತು ಅಂತ ಇನ್ನೂ ಸಲಾಯಿನ್ ಕೊಡುತ್ತಾ ಹೋದರೆ ಮೂತ್ರ ಇನ್ನೂ ಕಮ್ಮಿ ಆಗುವುದು ಹೀಗೇ.

ಈಗ ನಾವು ಏನು ಮಾಡುತ್ತೇವೆ? ಬಾಟ್ಲಿ ಹಚ್ಚುವ ಮೊದಲು ರೋಗಿಯ ಎರಡೂ ಕಾಲನ್ನು 45 ಡಿಗ್ರಿ ಎತ್ತಿ ಹಿಡಿಯುತ್ತೇವೆ. ಕಾಲಿನ ನಾಳಗಳ ರಕ್ತ ಎದೆಯ ಕಡೆ ಇಳಿಯುತ್ತದೆ. ಮನೆಯವರು ಇದನ್ನು ನೋಡಿ ಗಾಬರಿಯಾಗಿದ್ದೂ ಉಂಟು. ಹೃದಯ ಹೊರಗೆ ತಳ್ಳುವ ರಕ್ತ ನಿಮಿಷದೊಳಗೆ ಜಾಸ್ತಿ ಆದರೆ ಸಲಾಯಿನ್ ಉಪಯೋಗಕ್ಕೆ ಬರುತ್ತದೆ. ಆಗದಿದ್ದರೆ ಕಾಲು ಇಳಿಸಿದರೆ ಮುಗಿಯಿತು, ಒಂದು ಹನಿಯೂ ಒಳಗೆ ಹೋಗಿರುವುದಿಲ್ಲ. ಹೃದಯದ ಎಕೋ, ಅಂದ್ರೆ ಶಬ್ದದ ಅಲೆಗಳಿಂದ ಮಾಡುವ ಸ್ಕ್ಯಾನ್, ಮಾಡಿಯೂ ನೋಡುತ್ತೇವೆ. ವಾಂತಿ-ಭೇದಿಯಾಗಿ ಕಣ್ಣು ಗುಳಿಬಿದ್ದು ಬಂದವರಿಗೆ ಇದೆಲ್ಲ ಬೇಕಿಲ್ಲ, ಅವರಿಗೆ ಮೊದಲು ಸಲಾಯಿನ್ನೇ.

ಯಾವ ನಳಿಗೆಯೂ ಇಲ್ಲದೆ ಸಿವಿಪಿಯ ಅಂದಾಜು ಸಿಗುವ ಜಾಗವೂ ಒಂದಿದೆ, ಕುತ್ತಿಗೆಯ ಬಲಭಾಗ. ರೋಗಿಯನ್ನು 45 ಡಿಗ್ರಿ ಒರಗಿಸಿ ಕೂರಿಸಿ, ಅಲ್ಲಿನ ನಾಳ ಮಿಡಿಯುವ ಮೇಲ್ತುದಿ ಎದೆ ಎಲುಬಿನ ಮೇಲಿನ ಉಬ್ಬಿನಿಂದ ಎಷ್ಟು ಎತ್ತರದಲ್ಲಿದೆ ಅಂತ ಸ್ಕೇಲ್ ಇಟ್ಟು ನೋಡುತ್ತೇವೆ. 3 ಸೆಂಟಿಮೀಟರ್ ದಾಟಿದರೆ ಒತ್ತಡ ಜಾಸ್ತಿ ಇದೆ ಅಂತ ಲೆಕ್ಕ. ಹಾಡುವಾಗ, ಚೀಲ ಎತ್ತುವಾಗ, ಜಗಳ ಆಡುವಾಗ ಕುತ್ತಿಗೆಯ ನಾಳ ಉಬ್ಬುವುದು ಬೇರೆ, ಅದಕ್ಕೆ ಹೆದರಬೇಡಿ. ಮನೆಯಲ್ಲಿ ಅಜ್ಜನೋ ಅವ್ವನೋ ನೆಟ್ಟಗೆ ಸುಮ್ನೆ ಕೂತಾಗಲೂ ನಾಳ ಉಬ್ಬಿಕೊಂಡೇ ಇದೆ, ಕಾಲಿಗೆ ಬಾವು ಬಂದಿದೆ, ರಾತ್ರಿ ಅಂಗಾತ ಮಲಗಿದರೆ ದಮ್ಮು ಹತ್ತುತ್ತದೆ, ಜೊತೆಗೆ "ಭಾಳ ಸುಸ್ತು" ಅನ್ನುತ್ತಾರೆ ಅಂದ್ರೆ, ಶಕ್ತಿಗೆ ಅಂತ ಸಲಾಯಿನ್ ಹಾಕಿಸಲು ಕರೆದುಕೊಂಡು ಹೋಗಬೇಡಿ. ತಡಮಾಡದೆ ಎಕೋ ಇರುವ ಆಸ್ಪತ್ರೆಗೆ ಕರೆತನ್ನಿ.