ಒಣಕೊಂಬೆ, ತರಗೆಲೆ, ಒಂದು ತಟ್ಟೆ ನೀರು

ಕೇಳುಗರಿಗೆ ನಮಸ್ಕಾರ.

ಮಾರ್ಚ್ ತಿಂಗಳಲ್ಲಿ ಬೆಳಗಾಗುತ್ತಲೇ ಲಾಲ್‌ಬಾಗಿಗೆ ಹೋದರೆ ಎರಡು ಸದ್ದು ಒಟ್ಟಿಗೆ ಕಿವಿಗೆ ಬೀಳುತ್ತವೆ. ನೆಲದಲ್ಲಿ ಪೊರಕೆಯ ಸರಸರ, ಮೇಲೆ ಮರದಲ್ಲಿ 'ಕುಟ್ರೂ, ಕುಟ್ರೂ'. 1760ರಲ್ಲಿ ಹೈದರ್ ಅಲಿ ಶುರುಮಾಡಿದ ಈ ತೋಟ ಇಂದು 240 ಎಕರೆಯಷ್ಟಿದೆ. ಅಷ್ಟು ಮರಗಳು ಎಲೆ ಉದುರಿಸುವ ಕಾಲ ಇದು. ನಿಮ್ಮ ಬಡಾವಣೆಯ ಪಾರ್ಕು ಅರ್ಧ ಎಕರೆಯೇ ಇರಲಿ, ಈ ಮೂರು ತಿಂಗಳು ಅಲ್ಲಿಯೂ ಮಾಡುವ ಕೆಲಸಕ್ಕಿಂತ ಮಾಡದೆ ಬಿಡಬೇಕಾದ ಕೆಲಸವೇ ಹೆಚ್ಚು.

ಮೊದಲು ತರಗೆಲೆ. ನಡೆಯುವ ದಾರಿಯ ಮೇಲಿನದನ್ನು ಗುಡಿಸಿ, ಅದು ಕಾಲು ಜಾರಿಸುತ್ತದೆ. ಮರದಡಿಯದನ್ನು ಬಿಡಿ. ಗುಡಿಸಿ ಬೆಂಕಿ ಹಚ್ಚುವುದಂತೂ ಬೇಡವೇ ಬೇಡ. ಹೊಗೆಯ ಮಾತಿರಲಿ, ಬಿಸಿಗೆ ನೆಲದ ಮೇಲ್ಪದರದಲ್ಲಿರುವ ಎಳೆಬೇರುಗಳೇ ಸುಟ್ಟುಹೋಗುತ್ತವೆ. ಮರದ ಪಾತಿಯಲ್ಲಿ ಮೂರು ನಾಲ್ಕು ಅಂಗುಲ ದಪ್ಪ ತರಗು ಹರಡಿ, ಕಾಂಡದ ಸುತ್ತ ಮಾತ್ರ ಅರ್ಧ ಅಡಿ ಖಾಲಿ ಬಿಡಿ. ತರಗು ಕಾಂಡಕ್ಕೆ ಒತ್ತಿಕೊಂಡರೆ ತೊಗಟೆ ಸದಾ ತೇವವಾಗಿದ್ದು ಕೊಳೆಯುತ್ತದೆ, ಗೆದ್ದಲೂ ಹತ್ತುತ್ತದೆ. ಇನ್ನೊಂದು ಮಾತು: ತೇಗದಂಥ ಅಗಲದ ಎಲೆಯನ್ನಷ್ಟೇ ಹಾಸಿದರೆ ಅದು ಚಾಪೆಯಂತೆ ಅಂಟಿಕೊಂಡು ನೀರನ್ನು ಆಚೆಗೆ ಜಾರಿಸಿಬಿಡುತ್ತದೆ. ಮಳೆಮರದ ಪುಡಿ ಎಲೆಯ ಜೊತೆ ಬೆರೆಸಿ ಹಾಕಿ.

ಅದೇ ತರಗನ್ನು ಕೆದಕಿ ಹುಳ ಹೆಕ್ಕಲು ಮೈನಾ ಬರುತ್ತದೆ, ಮಡಿವಾಳ ಹಕ್ಕಿ ಬರುತ್ತದೆ. ಹುಲ್ಲುಹಾಸನ್ನು ಕನ್ನಡಿಯಂತೆ ಗುಡಿಸಿಟ್ಟ ಪಾರ್ಕಿನಲ್ಲಿ ಪಾರಿವಾಳ, ಕಾಗೆ ಬಿಟ್ಟರೆ ಬೇರೇನೂ ಕಾಣದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ನೀರಿನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ನೆಟ್ಟು ಎರಡು ಮೂರು ವರ್ಷವಾದ ಗಿಡಕ್ಕೆ ದಿನಾ ಒಂದು ಚೊಂಬು ಹೊಯ್ಯುವ ಬದಲು ವಾರಕ್ಕೊಮ್ಮೆ ಇಪ್ಪತ್ತು ಲೀಟರ್ ನಿಧಾನವಾಗಿ ಕೊಡಿ. ಚೊಂಬಿನ ನೀರು ಎರಡು ಅಂಗುಲ ಇಳಿದು ನಿಲ್ಲುತ್ತದೆ. ಬೇರು ಅದನ್ನು ಹುಡುಕಿಕೊಂಡು ಮೇಲಕ್ಕೇ ಬಂದು, ಬಿಸಿಲಿಗೆ ಸಿಕ್ಕಿ ಒಣಗುತ್ತದೆ.

ಇನ್ನು ಒಣಕೊಂಬೆ. ಆ 'ಕುಟ್ರೂ' ಎನ್ನುವ ಕುಟ್ರುಹಕ್ಕಿಯ ಮೈ ಹಸಿರು, ಕೊಕ್ಕು ದಪ್ಪ. ಮರಕುಟಿಗನಷ್ಟು ಗಟ್ಟಿ ಕೊಕ್ಕು ಅದಕ್ಕಿಲ್ಲ. ಅದಕ್ಕೇ ಒಣಗಿ ಮೆದುವಾದ ಕೊಂಬೆಯನ್ನೇ ಹುಡುಕಿ ಪೊಟರೆ ಕೊರೆಯುತ್ತದೆ. 'ಟಂಕ್ ಟಂಕ್' ಎಂದು ತಾಮ್ರ ಬಡಿದಂತೆ ಕೂಗುವ ಪುಟ್ಟ ಕಂಚುಗಾರ ಹಕ್ಕಿಯ ಕಥೆಯೂ ಇದೇ. ಪೊಟರೆಯ ಬಾಯಿ ಹೆಚ್ಚಾಗಿ ಓರೆಕೊಂಬೆಯ ಅಡಿಭಾಗದಲ್ಲಿರುತ್ತದೆ, ಮಳೆನೀರು ಒಳಗೆ ಇಳಿಯದಿರಲೆಂದು. ಮೊಟ್ಟೆಗೆ ಸುಮಾರು ಎರಡು ವಾರ ಕಾವು, ಮರಿ ಹಾರಲು ಮತ್ತೆ ಐದು ವಾರ. ಫೆಬ್ರವರಿಯಿಂದ ಮೇವರೆಗೆ ನಾವು 'ಒಣಗಿದೆ, ಕಡಿಯಿರಿ' ಎಂದು ತೋರಿಸುವ ಕೊಂಬೆಯೊಳಗೆ ಮರಿಗಳಿರಬಹುದು.

ಹಾಗೆಂದು ಎಲ್ಲ ಒಣಕೊಂಬೆಯನ್ನೂ ಬಿಡಲಾಗದು. ಅಶ್ವಿನಿ, ಭರಣಿ ಮಳೆಯ ಗಾಳಿಗೆ ಗುಲ್‌ಮೊಹರ್ ಕೊಂಬೆ ಟಪ್ಪನೆ ಮುರಿಯುತ್ತದೆ. ಅದರ ಕಟ್ಟಿಗೆ ಮೆದು, ಬೇರೂ ಆಳಕ್ಕಿಳಿಯುವುದಿಲ್ಲ. ದಾರಿ, ಬೆಂಚು, ಮಕ್ಕಳ ಜೋಕಾಲಿಯ ಮೇಲಿರುವುದನ್ನು ತೆಗೆಯಲೇಬೇಕು. ಆ ಕೆಲಸವನ್ನು ನವೆಂಬರಿನಲ್ಲೇ ಮುಗಿಸಿಕೊಳ್ಳುವುದು ಜಾಣತನ. ಬೇಸಿಗೆಯಲ್ಲೇ ಮಾಡಬೇಕಾಗಿ ಬಂದರೆ, ಬೆಳಗ್ಗೆ ಅರ್ಧ ಗಂಟೆ ಕೆಳಗೆ ನಿಂತು ಪೊಟರೆಗೆ ಹಕ್ಕಿ ಹೋಗಿಬರುತ್ತಿದೆಯೇ ನೋಡಿ. ಹೋಗಿಬರುತ್ತಿದ್ದರೆ ಕೆಳಗೆ ಹಗ್ಗ ಕಟ್ಟಿ ಜನರ ಓಡಾಟ ತಡೆಯಿರಿ, ಮರಿ ಹಾರಿದ ಮೇಲೆ ಕಡಿಯಿರಿ.

ಕಡಿಯುವಾಗ ಮೂರು ಗಾಯ. ಕಾಂಡದಿಂದ ಒಂದಡಿ ದೂರದಲ್ಲಿ ಕೊಂಬೆಯ ಅಡಿಯಿಂದ, ದಪ್ಪದ ಮೂರನೆಯ ಒಂದು ಭಾಗದಷ್ಟು ಗರಗಸ ಹಾಕಿ. ಅದಕ್ಕಿಂತ ಎರಡು ಅಂಗುಲ ಆಚೆ, ಮೇಲಿನಿಂದ ಪೂರ್ತಿ ಕೊಯ್ಯಿರಿ, ಕೊಂಬೆ ಬೀಳುತ್ತದೆ. ಉಳಿದ ಮೋಟನ್ನು, ಕೊಂಬೆ ಕಾಂಡಕ್ಕೆ ಸೇರುವಲ್ಲಿರುವ ಉಬ್ಬಿನ ಹೊರಗೆ ತೆಗೆಯಿರಿ. ಮೊದಲ ಗಾಯ ಬಿಟ್ಟರೆ, ಬೀಳುವ ಕೊಂಬೆ ತನ್ನ ಭಾರಕ್ಕೆ ಕಾಂಡದ ತೊಗಟೆಯನ್ನು ಕೆಳಗಿನವರೆಗೆ ಸಿಗಿದುಕೊಂಡು ಹೋಗುತ್ತದೆ. ಉಬ್ಬನ್ನೇ ಕತ್ತರಿಸಿದರೆ ಗಾಯ ಮುಚ್ಚಿಕೊಳ್ಳುವುದು ಕಷ್ಟ. ಡಾಂಬರು ಬಳಿಯುವ ಚಾಳಿ ಇನ್ನೂ ಅಲ್ಲಲ್ಲಿ ಇದೆ. ತೇವ ಒಳಗೇ ಸಿಕ್ಕಿಬಿದ್ದು ಕೊಳೆ ಬೆಳೆಯುತ್ತದೆ, ಬಿಟ್ಟುಬಿಡಿ.

ಕೊನೆಗೆ ಹಕ್ಕಿಯ ನೀರು. ಅಗಲದ ಮಣ್ಣಿನ ತಟ್ಟೆ, ಎರಡು ಅಂಗುಲಕ್ಕಿಂತ ಆಳ ಬೇಡ, ನಡುವೆ ಒಂದು ಒರಟು ಕಲ್ಲು. ನುಣುಪು ಪ್ಲಾಸ್ಟಿಕ್ ಬೋಗುಣಿಯಲ್ಲಿ ಕಾಲೂರಲಾಗದೆ ಪುಟ್ಟ ಹಕ್ಕಿಗಳು ಮುಳುಗುತ್ತವೆ. ನೆರಳಿನಲ್ಲಿಡಿ, ಆದರೆ ಪೊದೆಯಿಂದ ಐದಾರು ಅಡಿ ದೂರ, ಅಲ್ಲಿ ಬೆಕ್ಕು ಹೊಂಚುತ್ತದೆ. ನೀರು ದಿನಾ ಬದಲಿಸಿ. ವಾರ ಬಿಟ್ಟರೆ ಸೊಳ್ಳೆಮರಿ ಸೊಳ್ಳೆಯಾಗಿ ಹಾರುತ್ತದೆ, ಆಗ ಬಡಾವಣೆಯವರು ತಟ್ಟೆಯನ್ನೇ ತೆಗೆಸುತ್ತಾರೆ. ಎರಡು ದಿನಕ್ಕೊಮ್ಮೆ ತೆಂಗಿನ ನಾರಿನಿಂದ ತಿಕ್ಕಿ, ಸಾಬೂನು ಬೇಡ. ಮೊದಲ ಮೂರು ನಾಲ್ಕು ದಿನ ಯಾವ ಹಕ್ಕಿಯೂ ಬರದಿದ್ದರೆ ತಟ್ಟೆಯ ಜಾಗ ಬದಲಿಸಬೇಡಿ. ಸಾಮಾನ್ಯವಾಗಿ ಮೊದಲು ಬರುವುದು ಕಾಗೆ, ಅದರ ಹಿಂದೆ ಪಿಕಳಾರ.

ನಮಸ್ಕಾರ.