ಯಾವ ಭಾಷಾಂತರ ಎಂದು ಕೇಳುವವರಿಗೆ

ಎಲ್ಲರಿಗೂ ವಂದನೆಗಳು. ಸತ್ಯವೇದದ, ಅಂದರೆ ಬೈಬಲಿನ, ಯಾವ ಭಾಷಾಂತರ ಓದಬೇಕು ಎಂದು ಕೇಳುವವರ ದನಿಯಲ್ಲಿ ಎಷ್ಟೋ ಬಾರಿ ಅಳುಕು ಇರುತ್ತದೆ. ಹೊಸ ಭಾಷಾಂತರಗಳು ವಾಕ್ಯಗಳನ್ನೇ ಕಿತ್ತುಹಾಕಿವೆ ಎಂದು ಯಾರೋ ಅವರನ್ನು ಹೆದರಿಸಿರುತ್ತಾರೆ. ವಿಶ್ವಾಸಿಗಳನ್ನು ಹೀಗೆ ಹೆದರಿಸುವುದು ಅನ್ಯಾಯ.

ಮಾರ್ಕನ ಸುವಾರ್ತೆಯ ಕೊನೆಯ ಅಧ್ಯಾಯವನ್ನೇ ತೆಗೆದುನೋಡಿ. ಅಲ್ಲಿನ 9ರಿಂದ 20ರವರೆಗಿನ ವಾಕ್ಯಗಳು ನಾಲ್ಕನೆಯ ಶತಮಾನದ ಸಿನಾಯ್ಟಿಕಸ್ ಮತ್ತು ವ್ಯಾಟಿಕಾನಸ್ ಎಂಬ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲ. 1611ರಲ್ಲಿ ಇಂಗ್ಲಿಷಿನ ಕಿಂಗ್ ಜೇಮ್ಸ್ ಭಾಷಾಂತರ ಅಚ್ಚಾದಾಗ ಸಿನಾಯ್ಟಿಕಸ್ ಬೆಳಕಿಗೇ ಬಂದಿರಲಿಲ್ಲ. ಅದು ವಿದ್ವಾಂಸರ ಕೈಸೇರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಇಂದಿನ ಹಲವು ಭಾಷಾಂತರಗಳು ಆ ಭಾಗವನ್ನು ಉಳಿಸಿಕೊಂಡೇ, ಹಳೆಯ ಪ್ರತಿಗಳಲ್ಲಿ ಇದು ಇಲ್ಲವೆಂದು ಅಡಿಟಿಪ್ಪಣಿ ಕೊಡುತ್ತವೆ. ಇದಕ್ಕಿಂತ ಪ್ರಾಮಾಣಿಕವಾದ ದಾರಿ ನನಗೆ ಕಾಣುವುದಿಲ್ಲ. 1611ರ ಭಾಷಾಂತರಕಾರರೂ ಬದಲಿ ಅರ್ಥಗಳನ್ನು ಪುಟದ ಅಂಚಿನಲ್ಲಿ ಕೊಟ್ಟಿದ್ದರು. ಹಲವು ಭಾಷಾಂತರಗಳಿದ್ದರೆ ಅರ್ಥ ಹಿಡಿಯಲು ಅನುಕೂಲವೆಂದು ಹಿಂದಿನ ಕಾಲದ ಕ್ರೈಸ್ತ ಗುರು ಅಗಸ್ಟೀನನನ್ನು ನೆನೆದು ತಮ್ಮ ಮುನ್ನುಡಿಯಲ್ಲೇ ಬರೆದಿದ್ದರು. ಆ ಭಾಷಾಂತರವೊಂದೇ ಸತ್ಯ ಎಂದು ವಾದಿಸುವವರು ಆ ಮುನ್ನುಡಿಯನ್ನು ಓದಲಿ.

ಹಲವು ವಿದ್ವಾಂಸರು ಕೂಡಿ ಮಾಡಿದ, ಅಡಿಟಿಪ್ಪಣಿ ಇರುವ, ನಿಮಗೆ ಸಲೀಸಾಗಿ ಓದಿಸಿಕೊಳ್ಳುವ ಒಂದು ಭಾಷಾಂತರವನ್ನು ಹಿಡಿಯಿರಿ. ಅರ್ಥ ತೊಡಕಾದಲ್ಲಿ ಇನ್ನೊಂದನ್ನು ಪಕ್ಕದಲ್ಲಿಟ್ಟು ನೋಡಿ. ಆಯ್ಕೆಯ ಬಗ್ಗೆ ಇಷ್ಟು ಸಾಕು. ನನ್ನನ್ನು ನಿಜವಾಗಿ ಕಾಡುವುದು ಬೇರೆ ಸಂಗತಿ: ಎಷ್ಟೇ ಒಳ್ಳೆಯ ಭಾಷಾಂತರ ಕೈಯಲ್ಲಿದ್ದರೂ ನಾವು ಅದರಿಂದ ಒಂದೊಂದು ವಾಕ್ಯವನ್ನು ಹೆಕ್ಕಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತೇವೆ.

ಯೆರೆಮೀಯ 29ನೆಯ ಅಧ್ಯಾಯದ 11ನೆಯ ವಾಕ್ಯ ನಿಮಗೆ ಬಾಯಿಪಾಠವಿರಬಹುದು. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆ ಹಿತದ್ದು, ಕೇಡಿನದಲ್ಲ ಎಂದು ದೇವರು ಹೇಳುವ ಮಾತು. ಪರೀಕ್ಷೆಗೆ, ಮದುವೆಗೆ, ಹೊಸ ಕೆಲಸಕ್ಕೆ ಇದನ್ನೇ ಕಳುಹಿಸುತ್ತೇವೆ. ಆದರೆ ಇದು ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಯಾಗಿ ಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರದ ನಡುವಿನ ಮಾತು. ಇದರ ಹಿಂದಿನ ವಾಕ್ಯದಲ್ಲೇ ಎಪ್ಪತ್ತು ವರ್ಷ ಎಂದಿದೆ. ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರಿಗೆ ಮರಳುವಂತಿರಲಿಲ್ಲ.

ಇನ್ನೂ ಒಂದು ಅಧ್ಯಾಯ ಹಿಂದಕ್ಕೆ ಹೋಗಿ. ಅಲ್ಲಿ ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ಬಾಬೆಲಿಗೆ ತಲೆಬಾಗಬೇಕು ಎಂಬುದರ ಗುರುತಾಗಿ ಯೆರೆಮೀಯ ಕೊರಳಲ್ಲಿ ಹೊತ್ತಿದ್ದ ನೊಗವನ್ನು ಮುರಿದು, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರುತ್ತಾನೆ. ಕೇಳಲು ಹಿತವಾದ ಮಾತು, ಆದರೆ ಸುಳ್ಳು. 11ನೆಯ ವಾಕ್ಯವನ್ನು ಪತ್ರದಿಂದ ಕತ್ತರಿಸಿ 'ನಿನ್ನ ಕಷ್ಟ ಬೇಗ ತೀರುತ್ತದೆ' ಎಂಬ ಅರ್ಥದಲ್ಲಿ ಹಂಚುವಾಗ ನಾವು ಯೆರೆಮೀಯನ ಹೆಸರಿನಲ್ಲಿ ಹನನ್ಯನ ಮಾತನ್ನು ಹಂಚುತ್ತಿರುತ್ತೇವೆ. ಗುಣವಾಗದ ಕಾಯಿಲೆಯಲ್ಲಿ ಮಲಗಿರುವವರಿಗೆ ಹೀಗೆ ಹಂಚಿದರೆ ಆಗುವ ನೋವು ಸಣ್ಣದಲ್ಲ. ಕಾಯಿಲೆ ವಾಸಿಯಾಗದಿದ್ದರೆ ಅವರು ತಮ್ಮ ನಂಬಿಕೆಯನ್ನೇ ದೂರಿಕೊಳ್ಳುತ್ತಾರೆ.

ಆ ವಾಕ್ಯವನ್ನು ಕಳುಹಿಸಲೇಬೇಡಿ ಎಂದು ನಾನು ಹೇಳುತ್ತಿಲ್ಲ. 5ನೆಯ ವಾಕ್ಯದಿಂದ ಕಳುಹಿಸಿ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಸೆರೆಯಾಗಿ ಹೋದ ಆ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿ ಎಂಬುದೆಲ್ಲ ಅಲ್ಲಿದೆ. ದೀರ್ಘ ಕಷ್ಟದಲ್ಲಿರುವವರಿಗೆ ಬೇಕಾಗುವುದು ಈ ಮಾತುಗಳೇ.