ಕಾಫಿಯಲ್ಲಿ ತೊಳೆದ ಫಿಲ್ಮ್

ಎಲ್ಲರಿಗೂ ನಮಸ್ಕಾರ. ಹೆಂಚಿನ ಮೇಲೆ ಮಳೆ ಜೋರಾಗಿದೆ. ಹಿಂದೆ ಕೂತವರಿಗೆ ಕೇಳಿಸದಿದ್ದರೆ ಕೈ ಎತ್ತಿ.

ಫಿಲ್ಮ್ ತೊಳೆಯುವ, ಅಂದರೆ ತೆಗೆದ ಚಿತ್ರ ಫಿಲ್ಮ್ ಮೇಲೆ ಮೂಡಿಸುವ ಕಾರ್ಯಾಗಾರಕ್ಕೆ ಅಂತ ಮೂರು ದಿನದಿಂದ ನಾವು ಹದಿನಾಲ್ಕು ಜನ ಸೋಮವಾರಪೇಟೆಯ ಈ ಹಾಲ್‌ನ ಹಿಂದಿನ ಅಡುಗೆಕೋಣೆ ಹಿಡಿದು ಕೂತಿದ್ದೇವೆ. ಕಿಟಕಿಗೆಲ್ಲ ಟಾರ್ಪಾಲ್ ಹೊಡೆದಿದ್ದೇವೆ. ಬೆಳಿಗ್ಗೆ ತೊಳೆದ ಫಿಲ್ಮ್ ಹಗ್ಗದ ಮೇಲಿದೆ. ಕಕ್ಕಡ ತಿಂಗಳ ಮಳೆಯಲ್ಲಿ ಬಟ್ಟೆಯೇ ಒಣಗಲ್ಲ, ಇನ್ನು ಫಿಲ್ಮ್ ಬೇಗ ಒಣಗುತ್ತಾ? ಅದು ಒಣಗುವ ತನಕ ಮಾತಾಡಿ ಅಂದಿದ್ದಾರೆ.

ಮೊದಲು ಒಂದು ನೋವಿನ ಕಥೆ. ಕೆಲವು ವರ್ಷದ ಹಿಂದೆ ನಮ್ಮ ತೋಟದ ಕಾಫಿ ಹೂವನ್ನು ಸೂಪರ್ 8 ಎಂಬ ಸಣ್ಣ ಸಿನಿಮಾ ಕ್ಯಾಮೆರಾದಲ್ಲಿ ತೆಗೆದೆ. ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಎರಡು ಮೂರು ದಿನಕ್ಕೆ ಬಾಡುತ್ತದೆ. ನಿಮಗೇನು ಹೊಸದಾಗಿ ಹೇಳಬೇಕಾ? ಒಂದು ಕಾರ್ಟ್ರಿಡ್ಜ್‌ನಲ್ಲಿ ಐವತ್ತು ಅಡಿ ಫಿಲ್ಮ್, 3600 ಚಿತ್ರ, ಸೆಕೆಂಡಿಗೆ ಹದಿನೆಂಟರಂತೆ ಓಡಿಸಿದರೆ ಮೂರು ನಿಮಿಷ ಇಪ್ಪತ್ತು ಸೆಕೆಂಡು. ಅಷ್ಟನ್ನೂ ಲೆಕ್ಕ ಹಾಕಿ ಹಾಕಿ ತೆಗೆದೆ. ಹೊರಗಿನ ಒಂದು ಲ್ಯಾಬ್‌ಗೆ ಕಳಿಸಿದೆ. ತಿಂಗಳುಗಟ್ಟಲೆ ಕಾದೆ. ಬಂದ ಫಿಲ್ಮ್ ಗಾಜಿನ ಹಾಗೆ ಖಾಲಿ. ಎಲ್ಲೋ ಬೆಳಕು ಬಿದ್ದಿದೆ. ಎಲ್ಲಿ, ಹೇಗೆ ಅಂತ ಕೇಳಿದರೆ ಉತ್ತರ ಇಲ್ಲ. ಹೂವಿಗೆ ಮತ್ತೆ ಒಂದು ವರ್ಷ ಕಾಯಬೇಕಾಯಿತು.

ಅವತ್ತಿಂದ ನಾನು ಹಿಡಿದ ಹಟ ಒಂದೇ. ಇಲ್ಲಿ ತೆಗೆದ ಫಿಲ್ಮನ್ನು ಇಲ್ಲೇ ತೊಳೆಯಬೇಕು, ನಾವೇ ತೊಳೆಯಬೇಕು. ಕೆಟ್ಟರೂ ಯಾಕೆ ಕೆಟ್ಟಿತು ಅಂತ ನಮಗೆ ಗೊತ್ತಿರಬೇಕು. ಇದನ್ನು ಇವತ್ತು ಇನ್ನೊಂದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ತೊಳೆಯುವುದಕ್ಕೆ ಏನು ಬೇಕು? ಕಾಫಿ ಬೇಕು. ಹೌದು, ಕುಡಿಯುವ ಕಾಫಿಯೇ. 1995ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ, ಅಂದರೆ ಕೊಡಾಕ್ ಕಂಪನಿ ಹುಟ್ಟಿದ ಊರಲ್ಲೇ, ಸ್ಕಾಟ್ ವಿಲಿಯಮ್ಸ್ ಎಂಬ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಜೊತೆ ಸೇರಿ ಇದನ್ನು ಮಾಡಿ ತೋರಿಸಿದರು. ನಾವು ಹಾಕಿದ ಅಳತೆ ಹೇಳುತ್ತೇನೆ, ಬರೆದುಕೊಳ್ಳಿ. ಒಂದು ಲೀಟರ್ ನೀರಿಗೆ ನೀರಿನಂಶ ಇಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ. 20 ಡಿಗ್ರಿ ನೀರಲ್ಲಿ ಹದಿನೈದು ನಿಮಿಷ. ಬಯಲುಸೀಮೆಯವರು ಇದಕ್ಕೆ ಐಸ್ ಹುಡುಕಬೇಕು. ನಮಗೆ ಈ ತಿಂಗಳಲ್ಲಿ ನಲ್ಲಿ ತಿರುಗಿಸಿದರೆ ಸಾಕು.

ಚಿಕೋರಿ ಬೆರೆತ ಪುಡಿ ತರಬೇಡಿ, ಅದರಲ್ಲಿ ಕಾಫಿಯೇ ಕಡಿಮೆ. ಅರೇಬಿಕಾನಾ ರೋಬಸ್ಟಾನಾ ಅಂತ ಮೊದಲ ದಿನವೇ ನಮ್ಮಲ್ಲಿ ಜಗಳ ಆಯಿತು. ಇಲ್ಲಿ ಕೆಲಸ ಮಾಡುವುದು ಕೆಫೀನ್ ಅಲ್ಲ, ಕೆಫೀಕ್ ಆಸಿಡ್ ಮತ್ತು ಅದರ ಬಳಗ. ಆ ಬಳಗ ರೋಬಸ್ಟಾದಲ್ಲಿ ಜಾಸ್ತಿ. ರೋಬಸ್ಟಾ ಬೆಳೆಗಾರರು ಚಪ್ಪಾಳೆ ತಟ್ಟಬಹುದು. ಸರಿ, ಸಾಕು, ಅರೇಬಿಕಾದವರು ಎದ್ದು ಹೋಗಿಯಾರು!

ಈಗ ಮೊನ್ನೆಯ ಸಂಗತಿಗೆ ಬರುತ್ತೇನೆ. ಇದನ್ನು ಹೇಳಬೇಕು ಅಂತಲೇ ಮೈಕ್ ಹಿಡಿದದ್ದು.

ತೊಳೆಯುವ ಮೊದಲು ಕಾರ್ಟ್ರಿಡ್ಜ್ ಒಡೆದು, ಫಿಲ್ಮ್ ಹೊರಗೆ ಎಳೆದು, ಟ್ಯಾಂಕಿನ ಸುರುಳಿಗೆ ಸುತ್ತಬೇಕು. ಕಗ್ಗತ್ತಲಲ್ಲಿ. ಕೆಂಪು ದೀಪ ಕೂಡ ಇರುವ ಹಾಗಿಲ್ಲ. ಐವತ್ತಡಿ ಫಿಲ್ಮ್, ಅಗಲ ಎಂಟು ಮಿಲಿಮೀಟರ್, ಹೆಚ್ಚುಕಡಿಮೆ ಕಿರುಬೆರಳಿನ ಉಗುರಿನಷ್ಟು. ಒಂದು ಸುತ್ತು ಇನ್ನೊಂದಕ್ಕೆ ತಾಗಿದರೆ ಅಲ್ಲಿ ಕಾಫಿ ನೀರು ಹೋಗಲ್ಲ, ಚಿತ್ರ ಮೂಡಲ್ಲ. ಮೊದಲು ಇಂಜಿನಿಯರಿಂಗ್ ಓದುವ ಹುಡುಗ ಕೂತ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕತ್ತಲಲ್ಲಿ ಅವನ ಉಸಿರು ಮಾತ್ರ ಕೇಳುತ್ತಿದೆ. "ಸಾರ್, ಸಿಕ್ಕಾಯ್ತು" ಅಂದ. ಧ್ವನಿಯಲ್ಲಿ ಅಳು. ನಾನು ಬಿಡಿಸಲು ಹೋದೆ, ಸಿಕ್ಕು ಇನ್ನೂ ಜಾಸ್ತಿಯಾಯಿತು.

ಆಗ ಮೂಲೆಯಿಂದ ಒಂದು ಧ್ವನಿ. "ಇತ್ಲಾಗೆ ಕೊಡಿ ಸಾರ್, ನಾ ನೋಡ್ತೀನಿ." ತೋಟದಲ್ಲಿ ಕೆಲಸ ಮಾಡುವ ಅಕ್ಕ. ಇಲ್ಲೇ ಮೂರನೇ ಸಾಲಲ್ಲಿ ಕೂತಿದ್ದಾರೆ, ಹೆಸರು ಹೇಳಬೇಡಿ ಅಂದಿದ್ದಾರೆ. ಮಗಳನ್ನು ಬಿಡಲು ಬಂದವರು, ಮಳೆ ಅಂತ ಒಳಗೇ ಉಳಿದಿದ್ದರು. ಸಿಕ್ಕು ಬಿಡಿಸಿದರು. ಅಂಚು ಮಾತ್ರ ಹಿಡಿದು ಸುತ್ತತೊಡಗಿದರು. ಸುರುಳಿಯ ಟಿಕ್ ಟಿಕ್ ಸದ್ದು ಒಂದೇ ಸಮ. ಆರೋ ಏಳೋ ನಿಮಿಷ. "ಆಯ್ತು, ಮುಚ್ಚಳ ಎಲ್ಲಿ?"

ದೀಪ ಹಾಕಿದ ಮೇಲೆ ಎಲ್ಲರೂ ಅವರ ಕೈಯನ್ನೇ ನೋಡುತ್ತಿದ್ದೆವು. ಅವರು ಹೇಳಿದ್ದು ಇಷ್ಟು. "ಮಳೆಗಾಲದಲ್ಲಿ ನಮ್ಮ ಲೈನ್ ಮನೇಲಿ ವಾರಗಟ್ಟಲೆ ಕರೆಂಟ್ ಇರಲ್ಲ ಸಾರ್. ಕತ್ತಲಲ್ಲೇ ಹೂ ಕಟ್ಟಿದ್ದೀನಿ. ಒತ್ತಬಾರದು, ಅದು ಹೋದ ಕಡೆ ಬೆರಳು ಹೋಗ್ಬೇಕು." ಆ ಸಂಜೆ ಹುಡುಗನಿಗೆ ಕಲಿಸಿದವರು ಅವರು. ಹಳೆಯ ಖಾಲಿ ಫಿಲ್ಮ್ ಕೊಟ್ಟು, ಕಣ್ಣು ಮುಚ್ಚಿಸಿ, ಅವನ ಬೆರಳ ಮೇಲೆ ತಮ್ಮ ಬೆರಳಿಟ್ಟು. ನಿನ್ನೆ ಅವನು ಮೂರು ರೋಲು ಸುತ್ತಿದ.

ನನಗೆ ಆಗ ನೆನಪಾದವರು ಸರಸ್ವತಿಬಾಯಿ ಫಾಲ್ಕೆ. ಸಿನಿಮಾ ಮಾಡಿದ ದಾದಾಸಾಹೇಬ್ ಫಾಲ್ಕೆಯವರ ಹೆಂಡತಿ. 1913ರ 'ರಾಜಾ ಹರಿಶ್ಚಂದ್ರ'ದ ಕಾಲ. ಬರುತ್ತಿದ್ದ ಫಿಲ್ಮ್‌ಗೆ ಅಂಚಿನ ತೂತು ಇರುತ್ತಿರಲಿಲ್ಲ. ಅವರು ಮನೆಯ ಕತ್ತಲಲ್ಲಿ ಕೂತು ತೂತು ಹೊಡೆದರು, ರಾಸಾಯನಿಕ ಬೆರೆಸಿದರು, ಫಿಲ್ಮ್ ತೊಳೆದರು, ಇಡೀ ತಂಡಕ್ಕೆ ಅಡುಗೆ ಮಾಡಿ ಬಡಿಸಿದರು. ನಮ್ಮ ದೇಶದ ಸಿನಿಮಾ ಶುರುವಾದದ್ದೇ ಹೀಗೆ, ಮನೆಯಲ್ಲಿ, ಒಬ್ಬರಿಗೊಬ್ಬರು ಕೈ ಜೋಡಿಸಿ. ನಮ್ಮ ಕಡೆ ಗದ್ದೆ ನಾಟಿಗೆ ಮುಯ್ಯಾಳು ಅಂತ ಇತ್ತಲ್ವಾ? ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ನಮ್ಮ ಕಾರ್ಯಾಗಾರ ನಡೆಯುವುದು ಅದೇ ಲೆಕ್ಕದಲ್ಲಿ. ಒಂದು ರೋಲು ತೊಳೆಯಲು ಕಲಿತವರು ಇನ್ನೊಬ್ಬರ ಒಂದು ರೋಲು ತೊಳೆದುಕೊಡಬೇಕು. ಬೇರೆ ಫೀಸಿಲ್ಲ.

ಅದಕ್ಕೇ ಹೇಳುವುದು, ಇಲ್ಲೇ ತೊಳೆಯಬೇಕು, ನಾವೇ ತೊಳೆಯಬೇಕು. 1960ರಲ್ಲಿ ಸರ್ಕಾರ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಂಪನಿ ಶುರು ಮಾಡಿ, ಊಟಿಯಲ್ಲಿ ಕಾರ್ಖಾನೆ ಕಟ್ಟಿತು. ಫಿಲ್ಮ್ ಹೆಸರು 'ಇಂದು'. ಈಗ ಕಾರ್ಖಾನೆ ಮುಚ್ಚಿದೆ. 1934ರ 'ಸತಿ ಸುಲೋಚನ', ಕನ್ನಡದ ಮೊದಲ ಮಾತಿನ ಚಿತ್ರ, ಅದರ ಪ್ರಿಂಟೂ ಉಳಿದಿಲ್ಲ. ಯಾರೋ ನೋಡಿಕೊಳ್ಳುತ್ತಾರೆ ಅಂತ ಬಿಟ್ಟರೆ ಆಗುವುದು ಹೀಗೆ. ನನಗೆ ಇದು ತುಂಬ ಸಂಕಟದ ವಿಷಯ.

ಚೀಟಿ ಬಂತು, ಐದು ನಿಮಿಷ ಅಂತೆ. ಫಿಲ್ಮ್ ತುಂಡುಗಳನ್ನು ಅಂಟಿಸುವ ವಿಧಾನ, ಲೆನ್ಸಿಗೆ ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ಳುವುದು, ಎಲ್ಲ ಬರೆದುಕೊಂಡು ಬಂದಿದ್ದೆ. ಲೆನ್ಸಿನ ಬಗ್ಗೆ ಒಂದೇ ಮಾತು: ಚರ್ಮದ ಚೀಲದಿಂದ ತೆಗೆದು, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಮದ್ದು ಸೊಪ್ಪಿನ ಎಲೆಯನ್ನು ಸೋಡಾ, ವಿಟಮಿನ್ ಸಿ ನೀರಲ್ಲಿ ನೆನೆಸಿ ಫಿಲ್ಮ್ ಮೇಲೆ ಒತ್ತಿ ಬೆಳಕಿಗಿಟ್ಟ ಪ್ರಯೋಗ ಹೊರಗಿನ ಮೇಜಿನ ಮೇಲಿದೆ, ಮಕ್ಕಳು ಮಾಡಿದ್ದು, ನೋಡಿ.

ಇದನ್ನು ಮಾತ್ರ ಬಿಡುವ ಹಾಗಿಲ್ಲ. ಕಾಫಿ ನೀರಾದ ಮೇಲೆ ಮೂಡಿದ ಚಿತ್ರ ನಿಲ್ಲಲಿ ಅಂತ ಹಾಕುವ ಹೈಪೋ ನೀರನ್ನು ಬಳಸಿದ ಮೇಲೆ ತೋಡಿಗೆ ಚೆಲ್ಲಬೇಡಿ. ಫಿಲ್ಮ್‌ನ ಬೆಳ್ಳಿ ಅದರಲ್ಲಿ ಇಳಿದಿರುತ್ತದೆ, ಮೀನಿಗೆ ವಿಷ. ನಮ್ಮ ತೋಡಿನ ನೀರು ಹೋಗಿ ಸೇರುವುದು ಕಾವೇರಿಗೆ. ಕ್ಯಾನಿಗೆ ತುಂಬಿಸಿ ತನ್ನಿ. ಪಾತ್ರೆ ಉಜ್ಜುವ ಕಬ್ಬಿಣದ ನಾರು ಹಾಕಿಟ್ಟರೆ ಬೆಳ್ಳಿ ಬಿಟ್ಟುಕೊಳ್ಳುತ್ತದೆ.

ಈಗ ತೋರಿಸುವುದು ಏಪ್ರಿಲ್‌ನಲ್ಲಿ ತೆಗೆದು ಫ್ರಿಜ್‌ನಲ್ಲಿಟ್ಟಿದ್ದ ಹೂವಿನ ರೋಲು. ಕಾಫಿಯಲ್ಲಿ ತೊಳೆದದ್ದು ನೆಗೆಟಿವ್. ಹಾಗಾಗಿ ಬಿಳಿ ಹೂ ಕಪ್ಪಾಗಿ ಕಾಣುತ್ತದೆ, ನೆರಳೆಲ್ಲ ಬೆಳ್ಳಗೆ. ನಿಮ್ಮದೇ ತೋಟ, ಗುರುತು ಸಿಗುತ್ತದಾ ನೋಡಿ.

ಹೋಗುವ ಮೊದಲು ಒಂದು ಬೇಡಿಕೆ. ಈ ಜಿಲ್ಲೆಯಲ್ಲಿ ಮಿಲಿಟರಿಯಿಂದ ಬಂದವರ ಮನೆ ಎಷ್ಟಿಲ್ಲ! ಅಟ್ಟದ ಟ್ರಂಕಿನಲ್ಲಿ ಹಳೇ ರೀಲು ಇದ್ದರೆ ಡಬ್ಬಿ ತೆರೆದು ಮೂಸಿ ನೋಡಿ. ಕಾಚಂಪುಳಿ ಭರಣಿ ತೆರೆದ ಹಾಗೆ ಹುಳಿ ವಾಸನೆ ಬಂದರೆ ಫಿಲ್ಮ್ ಹಾಳಾಗುತ್ತಿದೆ ಅಂತ ಅರ್ಥ. ಬಿಸಿಲಿಗೆ ಇಡಬೇಡಿ, ಪ್ರೊಜೆಕ್ಟರ್‌ಗೆ ಹಾಕಬೇಡಿ, ಬೇರೆ ರೀಲುಗಳಿಂದ ದೂರ ಇಡಿ. ಮುಂದಿನ ಭಾನುವಾರ ಇಲ್ಲಿಗೇ ತನ್ನಿ. ಅಕ್ಕನೂ ಬರುತ್ತೇನೆ ಅಂದಿದ್ದಾರೆ. ಬರುವಾಗ ಮನೆಯಲ್ಲಿ ದಪ್ಪ ಕಪ್ಪು ಕಂಬಳಿ ಇದ್ದರೆ ಒಂದು ತನ್ನಿ, ಟಾರ್ಪಾಲ್‌ನಲ್ಲಿ ಎರಡು ತೂತಿದೆ.